ಒತ್ತು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಕಲೆ ಮತ್ತು ವಿನ್ಯಾಸ ವಿಭಾಗ

ಪ್ರಶ್ನೆ: ಮಾನ್ಯರೇ, ನಾನು ಕಲಬುರಗಿಯ ಒಂದು ದೃಶ್ಯಕಲಾ ಕಾಲೇಜಿನಲ್ಲಿ ಬಿ.ವಿ.ಎ. ಮೂರನೆಯ ವರ್ಷದ ವಿದ್ಯಾರ್ಥಿನಿ. ವಿಷಯ ಅನ್ವಯಿಕ ಕಲೆ, ಅಂದರೆ ಈಗ ಎಲ್ಲರೂ ಗ್ರಾಫಿಕ್ ಡಿಸೈನ್ ಎನ್ನುವುದು. ಊರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈ ಸೆಮಿಸ್ಟರಿನ ಕೊನೆಗೆ ನಾವು ಮೂರು ವರ್ಷಗಳ ಕೆಲಸವನ್ನೆಲ್ಲ ಮುಂದಿಟ್ಟುಕೊಂಡು, ಏನು ಕಲಿತೆವು, ಎಲ್ಲಿ ಎಡವಿದೆವು ಎಂಬುದರ ಕುರಿತು ಹತ್ತು ಪುಟಗಳ ಅವಲೋಕನ ವರದಿಯನ್ನು ಒಪ್ಪಿಸಬೇಕು. ಅದಕ್ಕೆಂದೇ ಕಳೆದ ವಾರ ಟ್ರಂಕಿನಲ್ಲಿದ್ದ ಹಾಳೆಗಳನ್ನೆಲ್ಲ ತೆಗೆದು ಕೋಣೆಯ ನೆಲದ ಮೇಲೆ ಹರಡಿದೆ. ಹರಡಿದ ಮೇಲೆ ಕಂಡದ್ದರಿಂದ ಮನಸ್ಸು ಕಂಗೆಟ್ಟಿದೆ.

ಮೊದಲ ವರ್ಷ ಪೋಸ್ಟರ್ ಕಲರಿನಲ್ಲಿ ಬರೆದ ಕಾಗುಣಿತದ ಹಾಳೆ, ಪೆನ್ಸಿಲಿನ ವಸ್ತುಚಿತ್ರ, ಬರೀ ಕಪ್ಪು ಬಿಳುಪಿನಲ್ಲಿ ಮಾಡಿದ ಚೌಕ, ವೃತ್ತಗಳ ಸಂಯೋಜನೆ, ಇವೆಲ್ಲ ಈಗಲೂ ನೋಡಲು ಚೆನ್ನಾಗಿವೆ. ಮೂರನೆಯ ವರ್ಷ ಕಂಪ್ಯೂಟರಿನಲ್ಲಿ ಮಾಡಿದವು ಮಾತ್ರ ಯಾರೋ ಮಾಡಿದಂತೆ ಕಾಣುತ್ತವೆ. ಉದಾಹರಣೆಗೆ, ನಾನು ತೊಗರಿ ಬೇಳೆಯ ಅರ್ಧ ಕೆ.ಜಿ. ಪ್ಯಾಕೆಟ್ಟನ್ನು ವಿನ್ಯಾಸ ಮಾಡಿದ್ದೆ. ಇಂಗ್ಲಿಷ್ ಹೆಸರಿನ ಲೋಗೋಗಾಗಿಯೇ ಮೂರು ವಾರ ಕೂತಿದ್ದೆ. ಜ್ಯೂರಿಗೆ, ಅಂದರೆ ಕೆಲಸದ ಮೌಲ್ಯಮಾಪನಕ್ಕೆ ಬಂದವರು, ಇಂಗ್ಲಿಷ್ ಚೆನ್ನಾಗಿದೆ, ಕನ್ನಡವನ್ನು ಆಮೇಲೆ ಅಂಟಿಸಿದ ಹಾಗಿದೆ ಎಂದರು. ಅದರ ಪ್ರಿಂಟನ್ನು ಊರಿಗೆ ಒಯ್ದಾಗ, ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮ್ಮಪ್ಪ ಕನ್ನಡಕ ಹಾಕಿಕೊಂಡು ನೋಡಿ, ‘ಇದರಾಗ ಒತ್ತು ಎಲ್ಲಿ ಹೋಯ್ತವ್ವಾ? ನಿವ್ವಳ ಅಂತ ಓದ್ಲಾಕೇ ಬರಲ್ಲ’ ಎಂದರು. ನೋಡಿದರೆ ‘ನಿವ್ವಳ ತೂಕ’ ಎಂಬಲ್ಲಿ ವಕಾರದ ಒತ್ತು ಕೆಳಗೆ ಕೂಡದೆ, ಪಕ್ಕದಲ್ಲಿ ಇನ್ನೊಂದು ‘ವ’ ಆಗಿ ನಿಂತಿತ್ತು. ಗುಡಿಸು ಕೂಡ ನಕಾರಕ್ಕೆ ಅಂಟಿರಲಿಲ್ಲ. ನನ್ನ ಕಣ್ಣಿಗಾಗಲಿ, ಜ್ಯೂರಿಯವರ ಕಣ್ಣಿಗಾಗಲಿ ಅದು ಬಿದ್ದಿರಲಿಲ್ಲ.

ಇನ್ನೊಂದು ಸಂಗತಿ. ಖರ್ಚಿಗಾಗಿ ಸಂಜೆ ಹೊತ್ತು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹುಟ್ಟುಹಬ್ಬ, ಜಯಂತಿ, ಗೃಹಪ್ರವೇಶ, ಶ್ರದ್ಧಾಂಜಲಿ ಎಂದು ಒಂದೇ ಸಂಜೆಗೆ ಏಳೆಂಟು ಬ್ಯಾನರು. ಇದರಿಂದ ಕೈ ಕೆಡುತ್ತಿದೆಯೆಂದು ಗೆಳತಿಯರು ಹೇಳುತ್ತಾರೆ. ನಮ್ಮ ಅತ್ತೆಯಂತೂ, ‘ಬೋರ್ಡ್ ಬರೆಯೋದು ಕಲಿಲಾಕ ನಾಕು ವರ್ಷ ಬೇಕೇನು?’ ಎಂದು ಕೇಳುತ್ತಾರೆ. ನಾನು ಮುಂದೆ ಹೋಗುವ ಬದಲು ಹಿಂದೆ ಸರಿದಿದ್ದೇನೆಯೇ? ಫ್ಲೆಕ್ಸ್ ಕೆಲಸ ಬಿಡಲೇ? ವರದಿಯಲ್ಲಿ ಇದನ್ನೆಲ್ಲ ಹೇಗೆ ಬರೆಯಲಿ?
– ಹೆಸರು ಪ್ರಕಟಿಸಬೇಡಿ ಎಂದವರು, ಕಲಬುರಗಿ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ನಿಮ್ಮ ತಂದೆಯವರ ಪ್ರಶ್ನೆ. ಮೂರೂ ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಹುಡುಕಬಹುದು ಎನಿಸುತ್ತದೆ.

ಮೊದಲು ಒತ್ತು ಎಲ್ಲಿ ಹೋಯಿತು ಎಂಬುದನ್ನು ನೋಡೋಣ. ನೀವು ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತವಿರುವ ಯೂನಿಕೋಡ್‌ನಲ್ಲಿ ‘ನಿವ್ವಳ’ ಎಂದು ಟೈಪಿಸಿದಾಗ ಕಡತದಲ್ಲಿ ಉಳಿಯುವುದು ನಕಾರ, ಗುಡಿಸು, ವಕಾರ, ಅದರ ಸ್ವರವನ್ನು ಕಳೆಯುವ ಗುರುತು, ಇನ್ನೊಂದು ವಕಾರ, ಳಕಾರ ಎಂಬ ಆರು ಸಂಕೇತಗಳ ಸಾಲು ಮಾತ್ರ. ಯಾವುದು ಯಾವುದರ ಕೆಳಗೆ ಕೂರಬೇಕು, ಗುಡಿಸು ಎಲ್ಲಿ ಅಂಟಬೇಕು ಎಂಬ ನಿಯಮಗಳು ಫಾಂಟಿನೊಳಗೆ ಇರುತ್ತವೆ. ಆ ನಿಯಮಗಳನ್ನು ಓದಿ ಜೋಡಿಸುವ ಕೆಲಸ ತಂತ್ರಾಂಶದ್ದು. ವಿನ್ಯಾಸದ ತಂತ್ರಾಂಶಗಳಾದ ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಪ್ಯಾರಾಗ್ರಾಫ್ ಪಟ್ಟಿಯ ಮೂಲೆಯ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯಿದೆ. ಅದನ್ನು ಒತ್ತದಿದ್ದರೆ ತಂತ್ರಾಂಶವು ಕನ್ನಡವನ್ನೂ ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಅಕ್ಷರವಿಟ್ಟು ಕೈತೊಳೆದುಕೊಳ್ಳುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿಯೂ ಟೈಪ್ ವಿಭಾಗದ ಪ್ರಿಫರೆನ್ಸಸ್‌ನಲ್ಲಿ ಇಂಥದೇ ಆಯ್ಕೆಯಿದೆ. ನಿಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಈ ತೊಂದರೆ ಬರದಿದ್ದರೆ ಅದಕ್ಕೆ ಕಾರಣವೂ ಇದೆ. ಅಲ್ಲಿ ಬಹುಶಃ ಕೋರೆಲ್ ಡ್ರಾ ತಂತ್ರಾಂಶದಲ್ಲಿ ಹಳೆಯ ‘ನುಡಿ’ ಫಾಂಟಿನ ಅಕ್ಷರಗಳನ್ನು ಬಳಸುತ್ತಿರಬಹುದು. ಅವುಗಳಲ್ಲಿ ಪ್ರತಿಯೊಂದು ಒತ್ತೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಸ್ವತಂತ್ರ ಚೂರು, ಹೀಗಾಗಿ ಜೋಡಿಸುವ ಪ್ರಶ್ನೆಯೇ ಏಳುವುದಿಲ್ಲ. ಆದರೆ ಆ ಕಡತವನ್ನು ನುಡಿ ಇಲ್ಲದ ಯಂತ್ರದಲ್ಲಿ ತೆರೆದರೆ ಇಡೀ ಬ್ಯಾನರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹುಡಿಯಾಗುತ್ತದೆ. ಎರಡರಲ್ಲಿ ಯಾವುದನ್ನು ಬಳಸಿದರೂ, ಪ್ರೆಸ್ಸಿಗೆ ಕಳಿಸುವ ಪ್ರತಿಯನ್ನು ಕರ್ವ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಗೆರೆಯ ಆಕಾರಗಳಾಗಿ ಬದಲಿಸಿ ಕಳಿಸಿ. ತಿದ್ದಲು ಬರುವ ಇನ್ನೊಂದು ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಒತ್ತು ಕಳೆದುಹೋಗುವುದು ಕಂಪ್ಯೂಟರಿನಿಂದ ಆರಂಭವಾದ ರೋಗವಲ್ಲ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಒತ್ತುಗಳು ಬೇರೆಯೇ ಮೊಳೆಗಳಾಗಿದ್ದವು, ಅವು ಜಾರಿ ಬೀಳುವುದಿತ್ತು. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಲಗ್ನಪತ್ರಿಕೆಯ ಕರಡು ತಿದ್ದುವುದು ನನ್ನ ಪಾಲಿಗೆ ಬಂದಿತ್ತು. ಐನೂರು ಪ್ರತಿ ಅಚ್ಚಾದ ಮೇಲೆ ಗೊತ್ತಾಯಿತು, ‘ಅಜ್ಜ’ನ ಒತ್ತು ಬಿದ್ದು ಆ ಮನೆಯ ಹಿರಿಯರು ‘ಅಜ’ ಆಗಿದ್ದರು. ಅಜ ಎಂದರೆ ಆಡು ಎಂಬ ಅರ್ಥವೂ ಉಂಟೆಂದು ಅವರಿಗೆ ತಿಳಿದಿತ್ತು. ಹೀಗಾಗಿ ನಿಮ್ಮ ಬಗ್ಗೆ ನನಗೆ ಸಹಾನುಭೂತಿ ಇದೆ. ಆದರೆ ಒಂದು ವಿಷಯವನ್ನು ಮೃದುವಾಗಿ ಹೇಳಲಾರೆ: ಪ್ಯಾಕೆಟ್ಟಿನ ಆ ಮೂಲೆಯನ್ನು ನೀವು ಒಮ್ಮೆಯೂ ಓದಿಲ್ಲ. ಚೌಕದ ಹಾಗೆ ಅತ್ತಿತ್ತ ಜರುಗಿಸಿದ್ದೀರಿ, ಅಷ್ಟೆ. ಜ್ಯೂರಿಯವರೂ ಓದಿರಲಿಲ್ಲ ಎಂಬುದು ನಿಜ. ಆದರೆ ಅಂಗಡಿಗೆ ಬರುವವರು ಜ್ಯೂರಿಯವರಲ್ಲ, ನಿಮ್ಮ ತಂದೆಯಂಥವರು.

ಈಗ ಹಿಂದೆ ಸರಿದಿದ್ದೀರೋ ಇಲ್ಲವೋ ಎಂಬ ಪ್ರಶ್ನೆ. ಕಾಗುಣಿತದ ಹಾಳೆಯನ್ನೂ ಬೇಳೆಯ ಪ್ಯಾಕೆಟ್ಟನ್ನೂ ಪಕ್ಕಪಕ್ಕ ಇಟ್ಟು, ಪ್ರತಿಯೊಂದರಲ್ಲಿ ನೀವೇ ನಿರ್ಧರಿಸಿದ ಸಂಗತಿಗಳು ಎಷ್ಟು ಎಂದು ಎಣಿಸಿ ನೋಡಿ. ಕಾಗುಣಿತದ ಹಾಳೆಯಲ್ಲಿ ತಲೆಕಟ್ಟಿನ ದಪ್ಪ ಎಷ್ಟಿರಬೇಕು, ‘ಕ’ದ ಹೊಟ್ಟೆ ಎಷ್ಟು ತುಂಬಿರಬೇಕು, ‘ಕೌ’ ಅಗಲವಾಗುತ್ತದಾದ್ದರಿಂದ ಸಾಲಿನಲ್ಲಿ ಅದಕ್ಕೆ ಎಲ್ಲಿಂದ ಜಾಗ ತರಬೇಕು, ಕುಂಚ ಎಲ್ಲಿ ನಿಲ್ಲಬೇಕು, ಎಲ್ಲವೂ ನಿಮ್ಮವೇ. ಪ್ಯಾಕೆಟ್ಟಿನಲ್ಲಿ ಅಕ್ಷರ ಪಟ್ಟಿಯಿಂದ ಆರಿಸಿದ್ದು, ಹೊಳೆಯುವ ಚೀಲದ ಮಾದರಿ ಎಲ್ಲಿಂದಲೋ ಇಳಿಸಿಕೊಂಡದ್ದು, ಬಣ್ಣಗಳು ಬಹುಶಃ ಯಾವುದೋ ಸಿದ್ಧ ವಿನ್ಯಾಸದಿಂದ ಬಂದವು. ಯಾರೋ ಮಾಡಿದಂತೆ ಕಾಣುತ್ತದೆ ಎಂದು ನೀವೇ ಬರೆದಿದ್ದೀರಿ. ಅರ್ಧಕ್ಕಿಂತ ಹೆಚ್ಚು ಪಾಲು ಯಾರೋ ಮಾಡಿದ್ದೇ ಆಗಿದೆ. ಅಲ್ಲದೆ ಮೊದಲ ವರ್ಷದ ಅಭ್ಯಾಸಗಳಲ್ಲಿ ಒಂದು ಹಾಳೆಗೆ ಒಂದೇ ಸಮಸ್ಯೆ ಇರುತ್ತದೆ. ಮೂರನೆಯ ವರ್ಷ ಅಕ್ಷರ, ಬಣ್ಣ, ಗಾತ್ರ, ಮಡಿಕೆ, ಅಚ್ಚಿನ ಖರ್ಚು, ಕೊಳ್ಳುವವರ ಕಣ್ಣು ಇವೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಆಗ ಕೈ ತಡವರಿಸುವುದು ಸಹಜ. ತಡವರಿಸಿದ್ದಕ್ಕೆ ನಾನು ಅಂಕ ಕಳೆಯುವುದಿಲ್ಲ. ಕುಂಚ ಹಿಡಿದು ಕಾಗುಣಿತವನ್ನು ಅಷ್ಟು ಬಲ್ಲವರು ಕಂಪ್ಯೂಟರಿನ ಎದುರು ಕೂತೊಡನೆ ಕನ್ನಡವನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಮಾತ್ರ ಕಳೆಯುತ್ತೇನೆ.

ಆದ್ದರಿಂದ ನನ್ನ ಸಲಹೆ ಇಷ್ಟೇ: ರಜೆಯಲ್ಲಿ ಅದೇ ಪ್ಯಾಕೆಟ್ಟನ್ನು ಮತ್ತೆ ಮಾಡಿ, ಕನ್ನಡದಿಂದ ಶುರು ಮಾಡಿ. ‘ತೊಗರಿ ಬೇಳೆ’ ಎಂಬ ಎರಡು ಪದಗಳನ್ನು ಮೊದಲು ಕೈಯಲ್ಲೇ ಇಪ್ಪತ್ತು ಬಗೆಯಾಗಿ ಬರೆಯಿರಿ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರಗಳಿವೆ, ನಮಗಿಲ್ಲ. ಅದರ ಬದಲು ನಮಗೆ ಮೇಲಕ್ಕೇಳುವ ಗುಡಿಸು ಇದೆ, ಬಲಕ್ಕೆ ಚಾಚುವ ಕೊಂಬು ಮತ್ತು ದೀರ್ಘಗಳಿವೆ, ಕೆಳಗಿಳಿಯುವ ಒತ್ತುಗಳಿವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜಾಗ ಸಾಲದೆಂದು ಅಕ್ಷರಗಳನ್ನು ಅಡ್ಡಕ್ಕೆ ಹಿಸುಕುವ ಚಟ ನಮ್ಮ ಊರುಗಳಲ್ಲಿ ಬಹಳ. ಹಿಸುಕಿದರೆ ನಿಂತ ಗೆರೆ ತೆಳ್ಳಗಾಗುತ್ತದೆ, ಮಲಗಿದ ಗೆರೆ ಹಾಗೇ ದಪ್ಪ ಉಳಿಯುತ್ತದೆ, ಅಕ್ಷರ ಹಸಿದಂತೆ ಕಾಣುತ್ತದೆ. ಜಾಗ ಬೇಕೆಂದಾಗ ಕಡಿಮೆ ಅಗಲದ ಬೇರೆ ಅಕ್ಷರವಿನ್ಯಾಸವನ್ನು ಆರಿಸಿ, ಇಲ್ಲವೇ ಗಾತ್ರ ತಗ್ಗಿಸಿ. ದಪ್ಪ ಅಕ್ಷರವನ್ನು ಸಣ್ಣ ಗಾತ್ರದಲ್ಲಿಟ್ಟು ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸಿದರೆ ಶಾಯಿ ಹರಡಿ ‘ಣ’, ‘ಖ’, ‘ಜ’ಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ, ‘ದ’ ಮತ್ತು ‘ಧ’ಗಳನ್ನು ಬೇರೆ ಮಾಡುವ ಪುಟ್ಟ ಸೀಳು ಸಹ ಮಾಯವಾಗುತ್ತದೆ. ‘ಶುದ್ಧ’ ಎಂಬುದನ್ನು ‘ಶುದ್ದ’ ಎಂದು ಅಚ್ಚು ಮಾಡಿದ ಚೀಲಗಳನ್ನು ಯಾವ ಕಿರಾಣಿ ಅಂಗಡಿಯಲ್ಲಾದರೂ ನೋಡಬಹುದು. (ಶುದ್ಧತೆಯ ಬಗ್ಗೆ ಇದಕ್ಕಿಂತ ಹೆಚ್ಚು ಸಂಶಯ ಹುಟ್ಟಿಸುವ ಜಾಹೀರಾತು ನನಗೆ ಗೊತ್ತಿಲ್ಲ.) ಕನ್ನಡ ತೃಪ್ತಿಯಾಗುವಷ್ಟು ನಿಂತ ಮೇಲೆ, ಅದರ ದಪ್ಪಕ್ಕೂ ದುಂಡಿಗೂ ಒಗ್ಗುವ ಇಂಗ್ಲಿಷ್ ಅಕ್ಷರವನ್ನು ಹುಡುಕಿ. ಎರಡನ್ನೂ ಒಂದೇ ಪಾಯಿಂಟ್ ಅಳತೆಯಲ್ಲಿಟ್ಟರೆ ಒಂದೇ ಗಾತ್ರ ಕಾಣುವುದಿಲ್ಲ, ಕಣ್ಣಳತೆಯಿಂದಲೇ ಸರಿದೂಗಿಸಬೇಕು.

ಪ್ಯಾಕೆಟ್ಟಿನ ಹಿಂಬದಿಯನ್ನೂ ಮಾಡಿ. ಕಾಲೇಜಿನ ಕೆಲಸಗಳಲ್ಲಿ ಮುಂಬದಿ ಮಾತ್ರ ಇರುತ್ತದೆ, ಬಂಡವಾಳ ಹಾಕಿದವರು ಕೇಳುವುದು ಹಿಂಬದಿಯನ್ನು. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದವರ ಅಥವಾ ತುಂಬಿದವರ ವಿಳಾಸ, ತಯಾರಿಯ ತಿಂಗಳು ಮತ್ತು ವರ್ಷ, ಗ್ರಾಹಕರ ದೂರಿಗೆ ಸಂಪರ್ಕ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಸಸ್ಯಾಹಾರವೆಂದು ತೋರುವ ಚೌಕದೊಳಗಿನ ಹಸಿರು ಚುಕ್ಕೆ ಇವೆಲ್ಲ ಪ್ಯಾಕೆಟ್ಟಿನ ಮೇಲೆ ಇರಲೇಬೇಕು. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಈ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಅದರ ಜೊತೆಗೆ ಕನ್ನಡವನ್ನು ಹಾಕಲು ಅಡ್ಡಿಯಿಲ್ಲ. ಹೀಗಾಗಿ ಎರಡು ಲಿಪಿಗಳ ಸಂಸಾರ ನಿಮಗೆ ತಪ್ಪಿದ್ದಲ್ಲ. ಇನ್ನೊಂದು ಎಚ್ಚರಿಕೆ: ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಇಂಥ ಸೀಮೆಯ ಸರಕೆಂಬ ಮಾನ್ಯತೆ ಸಿಕ್ಕಿದೆಯೆಂದು ಆ ಗುರುತನ್ನು ಅಂದಕ್ಕಾಗಿ ಹಾಕಬೇಡಿ, ಅದನ್ನು ಬಳಸುವ ಹಕ್ಕಿರುವುದು ನೋಂದಾಯಿತ ಬಳಕೆದಾರರಿಗೆ.

ಫ್ಲೆಕ್ಸ್ ಕೆಲಸವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಕೈ ಕೆಡುವುದು ಅವಸರದಿಂದ, ಫ್ಲೆಕ್ಸಿನಿಂದಲ್ಲ. ನಲವತ್ತು ಅಡಿ ದೂರದಿಂದ, ಓಡುವ ಬೈಕಿನ ಮೇಲಿಂದ ಯಾವ ಅಕ್ಷರ ಓದಲು ಸಿಗುತ್ತದೆ ಎಂಬುದನ್ನು ಯಾವ ತರಗತಿಯಲ್ಲಿಯೂ ಅಷ್ಟು ಚೆನ್ನಾಗಿ ಕಲಿಯಲಾರಿರಿ. ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ಹತ್ತಡಿಗೆ ಹಿಗ್ಗಿಸಿದಾಗ ಮುಖ ಏನಾಗುತ್ತದೆ, ತೆರೆಯ ಮೇಲೆ ಬೆಳಗುವ ಹಸಿರು ನಾಲ್ಕು ಶಾಯಿಗಳಲ್ಲಿ ಏಕೆ ಮಂಕಾಗುತ್ತದೆ ಎಂಬುದನ್ನು ನೀವು ಈಗಾಗಲೇ ಬಲ್ಲಿರಿ. ಯಾರ ಫೋಟೋ ಎಷ್ಟು ದೊಡ್ಡದಿರಬೇಕು, ಯಾರು ಬಲಕ್ಕೆ, ಯಾರ ಹೆಸರು ಮೊದಲು ಎಂದು ಗಿರಾಕಿಗಳು ಮಾಡುವ ಜಗಳಗಳನ್ನು ನೀವು ನೋಡಿರುತ್ತೀರಿ. ತರಗತಿಯಲ್ಲಿ ದೃಶ್ಯ ಶ್ರೇಣಿ ಎಂದು ಹೇಳಿಕೊಡುವುದು ಅದನ್ನೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿ ನಿಮ್ಮೂರಿನಿಂದ ದೂರವಿಲ್ಲ. ಅಲ್ಲಿ ಸಿಕ್ಕ ಒಂದು ಕಲ್ಲಿನ ಫಲಕದಲ್ಲಿ ರಾಜ, ರಾಣಿ, ಸುತ್ತ ಸೇವಕಿಯರು ಇದ್ದು, ಇವನು ಅಶೋಕ ಎಂದು ಬ್ರಾಹ್ಮಿ ಅಕ್ಷರಗಳಲ್ಲಿ ಕೊರೆದಿದೆ. ಚಿತ್ರವನ್ನೂ ಹೆಸರನ್ನೂ ಒಂದೇ ಫಲಕದಲ್ಲಿ ಹೊಂದಿಸುವ ಕೆಲಸ ನಿಮ್ಮ ಸೀಮೆಯಲ್ಲಿ ಅಷ್ಟು ಹಳೆಯದು. ಒಂದು ಭಾನುವಾರ ಸ್ಕೆಚ್ ಪುಸ್ತಕ ಹಿಡಿದು ಹೋಗಿಬನ್ನಿ.

ಆದರೆ ಒಂದು ನಿಯಮ ಹಾಕಿಕೊಳ್ಳಿ: ಏಳೆಂಟು ಬ್ಯಾನರುಗಳಲ್ಲಿ ಒಂದನ್ನಾದರೂ ಸಿದ್ಧ ಕಡತದಿಂದ ತೆಗೆಯದೆ ಖಾಲಿ ಪುಟದಿಂದ ಮಾಡಿ. ಗೃಹಪ್ರವೇಶದ್ದಾದರೂ ಸರಿ. ಅತ್ತೆಯವರಿಗೆ, 1916ರಲ್ಲಿ ಇದೇ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರು ಮುಂಬೈಯಲ್ಲಿ ಸಿನಿಮಾ ಪ್ರಚಾರಕ್ಕೂ ಕ್ಯಾಲೆಂಡರುಗಳಿಗೂ ಚಿತ್ರ ಬರೆದೇ ಹೆಸರಾದರು, ನಗರದ ರಂಗಮಂದಿರಕ್ಕೆ ಇರುವುದು ಅವರದೇ ಹೆಸರು ಎಂದು ತಿಳಿಸಬಹುದು. ಒಪ್ಪುತ್ತಾರೆಂಬ ಭರವಸೆ ಕೊಡಲಾರೆ.

ಇನ್ನು ವರದಿ. ಇಂಥ ವರದಿಗಳನ್ನು ನಾನು ಬಹಳ ಓದಿದ್ದೇನೆ. ‘ಈ ಪ್ರಾಜೆಕ್ಟಿನಿಂದ ಬಹಳಷ್ಟು ಕಲಿತೆ, ತಂಡದಲ್ಲಿ ಕೆಲಸ ಮಾಡುವುದನ್ನು ಅರಿತೆ’ ಎಂಬ ವಾಕ್ಯ ಬಂದ ಕೂಡಲೇ ಓದುವವರ ಕಣ್ಣು ಪುಟ ದಾಟುತ್ತದೆ. ಹತ್ತು ಪುಟಗಳಲ್ಲಿ ಮೂರು ವರ್ಷವನ್ನು ತುಂಬಲು ಹೋಗಬೇಡಿ. ಮೂರೇ ಕೆಲಸಗಳನ್ನು ಆರಿಸಿ, ನನ್ನ ಮಾತು ಕೇಳುವುದಾದರೆ ಕಾಗುಣಿತದ ಹಾಳೆ, ಬೇಳೆಯ ಪ್ಯಾಕೆಟ್ಟು ಮತ್ತು ಒಂದು ಬ್ಯಾನರು. ಒಂದೊಂದಕ್ಕೂ ಏನು ಕೇಳಿದ್ದರು, ಮೊದಲು ಏನು ಮಾಡಿದಿರಿ, ಏನನ್ನು ಕೈಬಿಟ್ಟಿರಿ, ಏಕೆ ಎಂಬುದನ್ನು ಬರೆಯಿರಿ. ಕೈಬಿಟ್ಟ ಕರಡುಗಳ ಫೋಟೋಗಳನ್ನೂ ಅಂಟಿಸಿ. ಕರಡುಗಳನ್ನು ಎಸೆದಿದ್ದರೆ ಎಸೆದೆ ಎಂದೇ ಬರೆಯಿರಿ. ‘ನಿವ್ವಳ ಎಂಬ ಪದದ ಒತ್ತು ಬಿದ್ದದ್ದು ನನಗೆ ಕಾಣಲಿಲ್ಲ, ಏಕೆಂದರೆ ಲೋಗೋಗೆ ಮೂರು ವಾರ ಕೊಟ್ಟ ನಾನು ಆ ಸಾಲಿಗೆ ಮೂರು ನಿಮಿಷವನ್ನೂ ಕೊಟ್ಟಿರಲಿಲ್ಲ, ಅದನ್ನು ಕಂಡವರು ನಮ್ಮಪ್ಪ’ ಎಂದು ಬರೆದರೆ, ಆ ಒಂದು ವಾಕ್ಯದಲ್ಲಿ ನೀವು ಎಲ್ಲಿದ್ದೀರಿ ಎಂಬುದು ಗುರುಗಳಿಗೆ ತಿಳಿಯುತ್ತದೆ. ತಪ್ಪನ್ನು ಹೇಳಿದ ಮೇಲೆ ಕ್ಷಮೆ ಕೇಳುತ್ತ ಕೂರಬೇಡಿ, ತಿದ್ದಿದ ಪ್ಯಾಕೆಟ್ಟಿನ ಚಿತ್ರವನ್ನು ಮುಂದಿನ ಪುಟದಲ್ಲಿ ಇಡಿ. ಭಾಷೆಯ ಬಗ್ಗೆ ಕೇಳಿಲ್ಲವಾದರೂ ಹೇಳುತ್ತೇನೆ: ಕಾಲೇಜು ಒಪ್ಪಿದರೆ ವರದಿಯನ್ನು ಕನ್ನಡದಲ್ಲೇ ಬರೆಯಿರಿ, ನಿಮ್ಮ ಪತ್ರ ಓದಿದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ.

ಪ್ರಶ್ನೆ: ಲೋಗೋ ವಿನ್ಯಾಸದ ಕೆಲಸಕ್ಕೆ ನಾನು ಬಿದ್ರಿ ಕಲೆಯ ಬಳ್ಳಿ, ಹೂವುಗಳನ್ನು ಬಳಸಿದೆ. ಸಣ್ಣದು ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಗುರುಗಳು ಅದು ನಕಲು ಎಂದೂ ಹೇಳಿದರು. ಏನು ಮಾಡಲಿ?
– ವಿದ್ಯಾರ್ಥಿ, ಬೀದರ್

ಉತ್ತರ: ನೀವು ಬಿದ್ರಿಯ ಹೂವನ್ನು ತೆಗೆದುಕೊಂಡಿದ್ದೀರಿ, ಬಿದ್ರಿಯ ರೀತಿಯನ್ನು ಬಿಟ್ಟಿದ್ದೀರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯನ್ನು ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕದಡಿದ ನೀರಿನಲ್ಲಿ ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಂದರೆ ಅದು ಕಪ್ಪಿನ ಮೇಲೆ ಬಿಳಿ ಮೂಡುವ ಕಲೆ. ನಿಮ್ಮದನ್ನು ಬಿಳಿಯ ಮೇಲೆ ಕಪ್ಪು ಗೆರೆಯಲ್ಲಿ ಬರೆದಿದ್ದರೆ ಮೊದಲು ತಿರುವುಮುರುವು ಮಾಡಿ ನೋಡಿ. ತಂತಿಯಲ್ಲಿ ಮಾಡುವ ತಾರ್‌ಕಶಿಯನ್ನು ಬಿಟ್ಟು, ಬೆಳ್ಳಿಯ ತಗಡಿನ ಅಗಲ ಆಕಾರಗಳಲ್ಲಿ ಮಾಡುವ ತಹ್ನಿಶಾನ್ ರೀತಿಯನ್ನು ಅನುಸರಿಸಿ ಒಂದೇ ಹೂವನ್ನು ಉಳಿಸಿಕೊಂಡರೆ, ಉಗುರಿನಷ್ಟು ಗಾತ್ರದಲ್ಲಿಯೂ ಅದು ಕಲಸುವುದಿಲ್ಲ. ನಕಲಿನ ಮಾತಿಗೆ ಹೇಳುವುದಾದರೆ, ಹಳೆಯ ನಮೂನೆಗಳು ಯಾರೊಬ್ಬರ ಸೊತ್ತೂ ಅಲ್ಲ. ಒಬ್ಬ ಕುಶಲಕರ್ಮಿಯ ಹೂಜಿಯ ಫೋಟೋ ತೆಗೆದು ಅದರ ಮೇಲೆ ಗೆರೆ ಎಳೆದಿದ್ದರೆ ಮಾತ್ರ ನಿಮ್ಮ ಗುರುಗಳು ಹೇಳಿದ್ದು ಸರಿ. 2006ರಿಂದ ‘ಬಿದ್ರಿ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ, ಬಿದ್ರಿಯಲ್ಲದ ಸರಕಿಗೆ ಆ ಹೆಸರಿಡಬೇಡಿ.

ಪ್ರಶ್ನೆ: ಮಗಳು ಗ್ರಾಫಿಕ್ ಡಿಸೈನ್ ಓದುತ್ತಿದ್ದಾಳೆ. ಲ್ಯಾಪ್‌ಟಾಪೂ ದುಬಾರಿ ತಂತ್ರಾಂಶವೂ ಇಲ್ಲದೆ ಹಿಂದೆ ಬಿದ್ದೆ ಎಂದು ಅಳುತ್ತಾಳೆ. ನನ್ನ ಬಳೆ ಅಡವಿಟ್ಟು ಕೊಡಿಸಲೇ?
– ತಾಯಿ, ಯಾದಗಿರಿ

ಉತ್ತರ: ಬಳೆ ಕೈಯಲ್ಲೇ ಇರಲಿ, ತಾಯಿ. ಇಂಕ್‌ಸ್ಕೇಪ್, ಗಿಂಪ್, ಕ್ರಿಟಾ, ಸ್ಕ್ರೈಬಸ್ ಎಂಬ ತಂತ್ರಾಂಶಗಳು ಉಚಿತ, ಕಾನೂನಿನ ಪ್ರಕಾರವೇ ಉಚಿತ. ಒಂದು ಹಳೆಯ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿಯೂ ಕಲಿಕೆಗೆ ಸಾಕಾಗುವಷ್ಟು ಓಡುತ್ತವೆ. ಲೋಗೋ, ಪೋಸ್ಟರ್, ಪ್ಯಾಕೆಟ್ಟುಗಳನ್ನು ಇಂಕ್‌ಸ್ಕೇಪಿನಲ್ಲಿ ಮಾಡಬಹುದು. ನಾಲ್ಕು ಬಣ್ಣಗಳ ಅಚ್ಚಿಗೆ ಕಡತ ಸಿದ್ಧಪಡಿಸುವಾಗ ಅದು ಸ್ವಲ್ಪ ಕಾಡುತ್ತದೆ, ಆ ಕೊನೆಯ ಹಂತವನ್ನು ಸ್ಕ್ರೈಬಸ್‌ನಲ್ಲಿಯೋ ಕಾಲೇಜಿನ ಲ್ಯಾಬಿನಲ್ಲಿಯೋ ಮುಗಿಸಿಕೊಳ್ಳಲಿ. ಮೇಲಿನ ಕಲಬುರಗಿಯ ಪತ್ರ ಓದಿದ್ದೀರಲ್ಲ, ಇಂಕ್‌ಸ್ಕೇಪಿನಲ್ಲಿ ‘ನಿವ್ವಳ’ ಎಂದು ಟೈಪಿಸಿದರೆ ಯಾವ ಆಯ್ಕೆಯನ್ನೂ ಒತ್ತದೆಯೇ ಒತ್ತು ತನ್ನ ಜಾಗದಲ್ಲಿ ಕೂರುತ್ತದೆ.